ಮೊರೆನಾಳ ಕೊರಳಿನ ಸ್ಕಾರ್ಫ್

ನಾನು ಸಿನಿಮಾಗಳಿಗೆ ಬಟ್ಟೆ ಹೊಲಿಯುವವಳು, ಕಂಡದ್ದನ್ನಷ್ಟೇ ಹೇಳುತ್ತೇನೆ. ಹಳೆಯ ಸ್ಲಾವ್ ಬುಡಕಟ್ಟಿನವರ ಚಿತ್ರವೊಂದಕ್ಕಾಗಿ, ಚಳಿಗಾಲದ ದೇವತೆ ಮೊರೆನಾಳ ಹುಲ್ಲುಗೊಂಬೆಯನ್ನು ಚಳಿ ತೊಲಗಲೆಂದು ಓರಾವಾ ಹೊಳೆಯಲ್ಲಿ ಮುಳುಗಿಸುವ ದೃಶ್ಯ ಮುಗಿದಿತ್ತು. ನನ್ನ ಮನಸ್ಸೆಲ್ಲ ಇಪ್ಪತ್ತು ದಿನದಿಂದ ಜ್ವರದಲ್ಲಿ ಮಲಗಿದ್ದ ಮಗಳು ಜೋರ್ಕಾಳ ಮೇಲಿತ್ತು. ಗೊಂಬೆಯ ಅಂಗಿ ತರಲು ನೀರಿಗಿಳಿದೆ.

"ಮುಳುಗಿಸಿದ್ಮೇಲೆ ತಿರುಗಿ ನೋಡಬಾರ್ದು ಕಣೇ," ಎಂದಳು ಗುಂಪಿನಲ್ಲಿ ನಟಿಸುತ್ತಿದ್ದ ಅನೆಶ್ಕಾ ಅಜ್ಜಿ.

"ಅಂಗಿ ನಾಳೆಗೂ ಬೇಕಲ್ಲ ಅಜ್ಜಿ."

ಮಂಜುಗಡ್ಡೆ ತೇಲುವ ನೀರಿನಲ್ಲೂ ಗೊಂಬೆಯ ಮೈ ಸುಡುತ್ತಿತ್ತು. ಅದರ ಕೊರಳಲ್ಲಿ ಕೆಂಪು ಸ್ಕಾರ್ಫ್ ಇತ್ತು, ಬೆಳಿಗ್ಗೆ ನಾನೇ ಜೋರ್ಕಾಳಿಗೆ ಸುತ್ತಿ ಬಂದದ್ದು. ಗೊಂಬೆಯನ್ನು ಬಿಟ್ಟು ಮನೆಗೆ ಓಡಿದೆ.

ಜೋರ್ಕಾ ಎದ್ದು ಕೂತು ಬ್ರೆಡ್ ತಿನ್ನುತ್ತಿದ್ದಳು. ಹಣೆ ತಣ್ಣಗಿತ್ತು, ಕೊರಳು ಬರಿದಾಗಿತ್ತು.

"ಸ್ಕಾರ್ಫ್ ಎಲ್ಲೇ?"

"ಒದ್ದೆ ಅಂಗಿ ಹಾಕ್ಕೊಂಡು ಒಬ್ರು ಬಂದಿದ್ರಮ್ಮ, ಚಳಿ ಅಂದ್ರು. ನಂಗೆ ಸೆಕೆ ಜಾಸ್ತಿ ಆಗಿತ್ತಲ್ಲ, ಕೊಟ್ಬಿಟ್ಟೆ."