ಬಾಲದಲ್ಲಿದ್ದ ಭಾರ

ಸರಳಾ ವಿಮಾನದ ರೆಕ್ಕೆಗಳ ಕೆಳಗೆ ಎರಡು ತೋರುಬೆರಳಿಟ್ಟು ಮೆಲ್ಲಗೆ ಎತ್ತಿದಳು. ಬೆರಳ ಮೇಲೆ ಸಮನಾಗಿ ನಿಲ್ಲಬೇಕಿದ್ದ ವಿಮಾನ ಬಾಲವನ್ನು ನೆಲದ ಕಡೆ ಇಳಿಬಿಟ್ಟಿತು.

“ಚನ್ನು, ಬಾಲದಲ್ಲಿ ಏನಿಟ್ಟಿದ್ದೀಯ?”

“ಏನಿಲ್ಲ.”

ಚನ್ನುವಿಗೆ ಸುಳ್ಳು ಹೇಳಲು ಬಾರದು. ಅವನ ಕಿವಿಗಳು ಕೆಂಪಾಗಿ, ಅವನಿಗಿಂತ ಮೊದಲೇ ಒಪ್ಪಿಕೊಂಡುಬಿಡುತ್ತವೆ.

ಯಲಹಂಕದಾಚೆ, ಕ್ಲಬ್ಬಿನವರು ರಿಮೋಟ್ ವಿಮಾನ ಹಾರಿಸುವ ಬಯಲದು. ಸರಳಾ ಅಲ್ಲೇ ಹತ್ತಿರದ ಸಿಂಗಾಪುರವೆಂಬ ಹಳ್ಳಿಯ ಹಳೇ ಮನೆತನದ ಹುಡುಗಿ, ಕಾಲೇಜಿನ ಲ್ಯಾಬಿನಲ್ಲಿ ಕೆಲಸ. ಚನ್ನು ಬಾದಾಮಿ ಕಡೆಯವನು, ಯಶವಂತಪುರದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಾನೆ. ಪರಿಚಯವಾದದ್ದು ಇಲ್ಲಿ, ಜಗಳವಾಡಿದ್ದೂ ಇಲ್ಲಿ. ಪ್ರೀತಿಯ ಮಾತು ಅವನ ತುಟಿಗೆ ಬಂದಾಗ ಅವಳು ತಡೆದದ್ದೂ ಇಲ್ಲೇ.

“ನಮ್ಮನೇಲಿ ನಾನ್ ನೋಡ್ಕೊತೀನಿ. ನೀನು ಮೊದ್ಲು ನಿಮ್ಮವ್ವನ್ನ ಕೇಳು. ಅವ್ರು ಬೇಡ ಅಂದ್ರೆ ಈ ಮಾತೇ ಎತ್ಬೇಡ.”

ದೀಪಾವಳಿಗೆ ಊರಿಗೆ ಹೋಗಿಬಂದವನು ತುಟಿ ಬಿಚ್ಚಿರಲಿಲ್ಲ. ಅವನ ಅವ್ವ ಈರವ್ವ ಒಪ್ಪಲಿಲ್ಲವೆಂದೇ ಸರಳಾ ಒಳಗೊಳಗೆ ಬೆಂದಿದ್ದಳು.

ಅವರ ಮೊದಲ ವಿಮಾನ ಕಟ್ಟಿದವನು ಚನ್ನು. ಮುರಿದೀತೆಂಬ ಭಯಕ್ಕೆ ದಪ್ಪ ಪ್ಲೈವುಡ್, ಬಳಿದಷ್ಟೂ ಅಂಟು. ಹಾರಿತು, ಆದರೆ ತುಂಬಿದ ಸಿಟಿ ಬಸ್ಸಿನಂತೆ. ವೇಗ ತಗ್ಗಿಸಿದರೆ ಬೀಳುತ್ತಿತ್ತು. ಲಾಗ ಹಾಕಲು ಹೋಗಿ, ಮೇಲಿನ ತುದಿಯಲ್ಲಿ ಉಸಿರು ಕಟ್ಟಿದಂತಾಗಿ ನೆಲಕ್ಕೆ ಬಡಿಯಿತು. ಈ ಸಲ ಹಗುರವಾದ ಬಾಲ್ಸಾ ಮರವನ್ನೂ ಕಿಂಡಿ ಕಿಂಡಿಯಾಗಿ ಕೊರೆದಿದ್ದರು. ತೂಕವೆಂದು ಬಣ್ಣವನ್ನೂ ಸರಳಾ ಬೇಡವೆಂದಿದ್ದಳು.

“ಹಂಗ ಹಾರ್ಸು, ಆಮ್ಯಾಲೆ ಹೇಳ್ತೀನಿ,” ಅಂದ ಚನ್ನು.

“ತಲೆ ಕೆಟ್ಟಿದ್ಯಾ? ಬಾಲ ಭಾರ ಆದ್ರೆ ಮೂತಿ ಎತ್ಕೊಂಡು ಹುಚ್ಚಾಡುತ್ತೆ. ಹಿಡಿಯಕ್ಕಾಗಲ್ಲ.”

“ಇಷ್ಟ ಐತಿ ಅದು...”

“ಇಷ್ಟೇ ಆದ್ರೂ ಅಷ್ಟು ಹಿಂದೆ ಕೂತ್ರೆ ಜಾಸ್ತಿ ಎಳೆಯುತ್ತೆ ಕಣೋ!”

ಬ್ಲೇಡಿನಿಂದ ಬಾಲದ ಹೊದಿಕೆ ಸೀಳಿದಳು. ಹತ್ತಿಯಲ್ಲಿ ಸುತ್ತಿದ್ದ ಒಂದು ಜೊತೆ ಬೆಳ್ಳಿ ಕಾಲುಂಗುರ ಅಂಗೈಗೆ ಬಿದ್ದವು.

“ಅವ್ವ ಕೊಟ್ಟಾಳ,” ಚನ್ನು ನೆಲ ನೋಡುತ್ತ ಹೇಳಿದ. “ಸೊಸೀಗಂತ ತೆಗೆದಿಟ್ಟಿದ್ಳಂತ. ನೀ ಹಾರ್ಸಿ ಇಳಿಸಿದ ಮ್ಯಾಲೆ ಬಾಲ ಬಿಚ್ಚಿ ನೋಡು ಅನ್ನಾವಿದ್ದೆ.”

ಸರಳಾಗೆ ನಗು, ಅಳು ಒಟ್ಟಿಗೇ ಬಂದವು. “ಪೆದ್ದ! ಇಳೀತಿತ್ತಾ ಇದು? ನಿಮ್ಮವ್ವನ ಆಶೀರ್ವಾದ ಸಮೇತ ಬೀಳ್ತಿತ್ತು.”

ಅವಳು ಸೀಳಿಗೆ ತೆಳು ಟೇಪು ಅಂಟಿಸಿದಳು. ಕಾಲುಂಗುರಗಳನ್ನು ದುಪಟ್ಟಾದ ಅಂಚಿನಲ್ಲಿಟ್ಟು ಬಿಗಿಯಾಗಿ ಗಂಟು ಹಾಕಿದಳು. ವಿಮಾನವನ್ನು ಮತ್ತೆ ಬೆರಳ ಮೇಲಿಟ್ಟಾಗ ಅದು ಅಲುಗದೆ ನಿಂತಿತು.

ಓಡಲು ಶುರುಮಾಡಿದ್ದೇ ತಡ, ವಿಮಾನ ನೆಲ ಬಿಟ್ಟಿತು. ಲಾಗ ಹಾಕಿತು, ಹೊಟ್ಟೆ ಮೇಲಾಗಿ ಹಾರಿತು. ಸರಳಾ ವೇಗ ತಗ್ಗಿಸುತ್ತಾ ಬಂದಳು. ಮೂತಿ ಆಕಾಶಕ್ಕೆ ಮಾಡಿ, ಬರೀ ಪ್ರೊಪೆಲ್ಲರಿನ ಬಲದ ಮೇಲೆ ಅದು ಗಾಳಿಯಲ್ಲಿ ನಿಂತೇಬಿಟ್ಟಿತು. ಮೇಲೂ ಹೋಗದು, ಕೆಳಗೂ ಬಾರದು. ಬಿಸಿಲು ತೆಳು ಹೊದಿಕೆಯೊಳಗೆ ತೂರಿ, ಅವರು ಕೊರೆದ ಒಂದೊಂದು ಕಿಂಡಿಯೂ ಬೆಳಗಿತು. ಸರಳಾಳ ಮೈ ಜುಮ್ಮೆಂದಿತು. ಇದನ್ನು ತಾವೇ ಕಟ್ಟಿದ್ದೆಂದು ನಂಬಲಾಗಲಿಲ್ಲ. ಪಕ್ಕದಲ್ಲಿ ಚನ್ನು ಅವನಿಗೇ ಗೊತ್ತಿಲ್ಲದಂತೆ ಕೈ ಮುಗಿದು ನಿಂತಿದ್ದ.

ಅವನು ಪಿಸುಗುಟ್ಟಿದ. “ಸರಳಾ, ಮತ್ತ ನಿನ್ನ ಮಾತು ಏನು?”

ವಿಮಾನದಿಂದ ಕಣ್ಣು ಕೀಳದೆ ಅವಳು ಹೇಳಿದಳು, “ಗಂಟು ಹಾಕಿದ್ದು ಕಾಣ್ಲಿಲ್ವಾ? ಆ ಭಾರ ವಿಮಾನಕ್ಕೆ ಬೇಡ ಕಣೋ. ನಾನ್ ಹೊರ್ತೀನಿ.”