ಹೋಲ್ಡಾನ್ ಅಂದವರ್ಯಾರು?

ಬೆಳಗ್ಗೆ ಡಿಪೋಗೆ ಬಂದರೆ ಮುದುಕಿ ಇಲ್ಲ. ಮುದುಕಿ ಅಂದ್ರೆ ನಮ್ಮ ಅತಿ ಹಳೇ ಬಸ್ಸು. ನಾಳೆ ಗುಜರಿಗೆ ಹೋಗಬೇಕಿತ್ತು. ನಿಂತಿದ್ದ ಜಾಗದಲ್ಲಿ ಎಣ್ಣೆ ಕಲೆ ಮಾತ್ರ.

ಮೊದಲ ಅನುಮಾನ ನನ್ನ ಮೇಲೆ. ನಾನು ಮೆಕ್ಯಾನಿಕ್. ಅದಕ್ಕೆ ದಿನಾ ಶಾಪ ಹಾಕ್ತಿದ್ದೆ, ನಿಜ. ಹಾಗಂತ ಕದೀತಾರಾ? ಅದನ್ನ ತಳ್ಳಿ ತಳ್ಳಿ ನನ್ನ ಸೊಂಟವೇ ಬಿದ್ದುಹೋಗಿದೆ.

“ಕೀ ಯಾರ ಹತ್ರ ಇತ್ತು?” ತನಿಖೆಗೆ ಬಂದ ನಮ್ಮ ಸಾರಿಗೆ ಸಂಸ್ಥೆಯ ಇನ್ಸ್‌ಪೆಕ್ಟರ್ ಮೇಡಂ ಕೇಳಿದರು.

“ನನ್ನ ಹತ್ರ,” ಅಂದ ಮುದುಕಿಯ ಡ್ರೈವರ್. “ತಪ್ಪು ನಂದೇ. ಕೆಲಸದಿಂದ ತೆಗೀರಿ.”

ಬಸ್ಸು ಕಳ್ಕೊಂಡವನ ಕೆಲಸ ಉಳಿಯಲ್ಲ, ಎಲ್ಲರಿಗೂ ಗೊತ್ತು. ಅವನ ಹೆಂಡತಿ ಅದೇ ಬಸ್ಸಿನ ಕಂಡಕ್ಟರ್. ನಾವೆಲ್ಲ ಅಕ್ಕ ಅಂತೀವಿ. ಅಕ್ಕ ಏನೋ ಹೇಳೋಕೆ ಬಾಯಿ ತೆರೆದಳು.

“ನೀನು ಸುಮ್ನಿರು,” ಅಂದ ಗಂಡ.

ಗಂಡ ಹೆಂಡಿರ ಮಧ್ಯೆ ನಾನ್ಯಾಕೆ ತಲೆ ಹಾಕಲಿ?

* * *

ಬಸ್ಸು ಸಿಕ್ಕಿತು. ಕೊನೇ ಸ್ಟಾಪಿನಲ್ಲಿ ಕೆಟ್ಟು ನಿಂತಿತ್ತು. ಎಲ್ಲರೂ ಅಲ್ಲಿಗೆ ಹೋದೆವು. ನಾನು ಬಾನೆಟ್ ಎತ್ತಿದೆ. ಅದರಲ್ಲೇ ಬಂದಿದ್ದ ಅಜ್ಜನೊಬ್ಬ ಬೆಂಚಿನ ಮೇಲೆ ಕೂತಿದ್ದ.

“ಓಡಿಸಿದ್ದು ಯಾರು, ಅಜ್ಜ?” ಮೇಡಂ ಕೇಳಿದರು.

“ಮುಖ ನೋಡ್ಲಿಲ್ಲ. ಟೋಪಿ ಹಾಕಿದ್ರು. ಎಲ್ಲಾ ಸ್ಟಾಪಲ್ಲೂ ಚೆನ್ನಾಗಿ ನಿಲ್ಲಿಸಿದ್ರಮ್ಮ.”

“ಕಂಡಕ್ಟರ್?”

“ಇರ್ಲಿಲ್ಲ. ಡ್ರೈವರೇ ಹೋಲ್ಡಾನ್ ಅಂದ್ರು, ಡ್ರೈವರೇ ರೈಟ್ ಅಂದ್ರು.”

“ದನಿ ಗಂಡಸಿನದೋ, ಹೆಂಗಸಿನದೋ?”

“ಕಂಡಕ್ಟರ್ ಕೂಗಿನಲ್ಲಿ ಗಂಡೇನು, ಹೆಣ್ಣೇನು? ಕೂಗು ಕೂಗೇ.”

ಮೇಡಂ ನಕ್ಕುಬಿಟ್ಟರು.

* * *

“ಕಳ್ಳ ಸ್ಟಾಪ್ ಸ್ಟಾಪಿಗೂ ನಿಲ್ಲಿಸಲ್ಲ,” ಅಂದರು ಮೇಡಂ. “ಡ್ರೈವರ್ ಆದವನು ಹೋಲ್ಡಾನ್ ಅನ್ನಲ್ಲ, ಕೇಳಿಸ್ಕೋತಾನೆ. ಸ್ಟೇರಿಂಗ್ ಹಿಡಿದ್ರೂ ಹೋಲ್ಡಾನ್ ಅನ್ನೋದು ಹಳೇ ಕಂಡಕ್ಟರ್ ನಾಲಿಗೆ. ಕೀ ಈ ಡ್ರೈವರ್ ಮನೇಲಿತ್ತು. ಇವರು ಕೆಲಸ ಬಿಟ್ಟುಕೊಡೋಕೂ ತಯಾರು. ಯಾರಿಗೋಸ್ಕರ?”

ಅಕ್ಕನ ಕಣ್ಣು ತುಂಬಿತು.

“ನಾನೇ ಮೇಡಂ. ಇವರೇ ಕಲಿಸಿದ್ರು. ಲೈಸೆನ್ಸೂ ಇದೆ. ಡ್ರೈವರ್ ಕೆಲಸ ಕೇಳಿದ್ರೆ ಮ್ಯಾನೇಜರ್ ನಕ್ಕರು. ನಾಳೆ ಮುದುಕಿ ಇರಲ್ಲ. ಒಂದೇ ಒಂದ್ಸಲ ಓಡಿಸ್ಬೇಕು ಅನ್ನಿಸ್ತು. ಆಮೇಲೆ ಸ್ಟಾರ್ಟೇ ಆಗ್ಲಿಲ್ಲ. ಬೇರೆ ಬಸ್ ಹತ್ತಿ ಓಡಿ ಬಂದೆ. ಇವರ ಕೆಲಸ ಕಳೀಬೇಡಿ.”

ಮೇಡಂ ನೋಟ್‌ಬುಕ್ ಮುಚ್ಚಿದರು.

“ಇದು ಕಳವಲ್ಲ. ಬಸ್ಸು ಹೊತ್ತಿಗೆ ಮುಂಚೆ ಹೊರಟಿದೆ. ನಮ್ಮ ಡಿಪೋದಲ್ಲಿ ಇದೇ ಮೊದಲು. ಬೈದು ಬಿಡ್ತೀನಿ, ಕೆಲಸ ಯಾರದೂ ಹೋಗಲ್ಲ. ವಾಪಸ್ ಓಡಿಸೋದು ಯಾರು?”

ಅಷ್ಟರಲ್ಲಿ ಮುದುಕಿ ಸ್ಟಾರ್ಟ್ ಆಯಿತು. ಯಾರು ರಿಪೇರಿ ಮಾಡಿದ್ದು ಅಂತ ಒಬ್ಬರೂ ಕೇಳಲಿಲ್ಲ, ಬಿಡಿ.

ಡ್ರೈವರ್ ತನ್ನ ಸೀಟಿನ ಧೂಳು ಒರೆಸಿ ಹೆಂಡತಿಯನ್ನು ಕೂರಿಸಿದ. ತಾನು ಹೋಗಿ ಫುಟ್‌ಬೋರ್ಡಿನ ಮೇಲೆ ನಿಂತ. ಜನ್ಮದಲ್ಲಿ ಕೂಗಿದವನಲ್ಲ.

“ರೈಟ್,” ಅಂದ ಮೆಲ್ಲಗೆ.

“ಜೋರಾಗಿ ಕೂಗ್ರೀ,” ಅಂದಳು ಅಕ್ಕ. “ಡ್ರೈವರಿಗೆ ಕೇಳಿಸ್ಬೇಕು.”