ಮುಖ ಓದಿದವನು

"ಅವನನ್ನ ಇವತ್ತೇ ಕಳಿಸಿಬಿಡ್ತೀನಮ್ಮ. ಮುಖದ ತುಂಬ ಕೋಪ ಇತ್ತು, ನಾನೇ ಕಣ್ಣಾರೆ ನೋಡಿದೆ," ಎನ್ನುತ್ತ ಯಜಮಾನ ಮಹಡಿ ಹತ್ತಿ ಬಂದು ತಾಯಿಯ ಎದುರು ಕುಸಿದು ಕೂತ.

ಕೆಳಗೆ ಅವರದೇ ಕಾರ್ಖಾನೆ. ನಾಟಕದವರಿಗೆ ಮುಖವಾಡ ಮಾಡಿಕೊಡುವ ಕೆಲಸ. ಅವನ ತಂದೆ ಕೈಯಾರೆ ಮಾಡಿಟ್ಟಿದ್ದ ಮೂಲ ಅಚ್ಚು ಮಧ್ಯಾಹ್ನ ನುಚ್ಚುನೂರಾಗಿತ್ತು. ಊಟಕ್ಕೆ ಕೂತವರೆಲ್ಲ ಸದ್ದು ಕೇಳಿ ಓಡಿ ಬಂದರೆ, ಚೂರುಗಳ ನಡುವೆ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ ಹೊಸಬ. ಬೇರೆ ಖಂಡದವನು, ಮೈಬಣ್ಣ, ಮುಖದ ಕಟ್ಟು ಎರಡೂ ಬೇರೆ. ಕೂಗಿದಾಗ ತಿರುಗಿದ. "ನಾನು ಬರೋ ಹೊತ್ತಿಗೇ ಒಡೆದಿತ್ತು," ಎಂದ. ಯಾರೂ ನಂಬಲಿಲ್ಲ. ಕೆಲಸ ಹೋದರೆ ಅವನು ದೇಶವನ್ನೇ ಬಿಡಬೇಕಿತ್ತು. ಹೆಂಡತಿ, ಮಗಳು ಬಂದು ಸೇರಿದ್ದು ಮೊನ್ನೆ ಮೊನ್ನೆ.

"ನಾನೂ ನೋಡಿದೆ ಅತ್ತೆ," ಎಂದಳು ಸೊಸೆ. ಮುಖವಾಡಗಳಿಗೆ ಹುಬ್ಬು, ತುಟಿ ಬರೆಯುವವಳು ಅವಳೇ; ಅತ್ತೆಯ ಪತ್ತೇದಾರಿಕೆಗೆಲ್ಲ ಜೊತೆಗಾತಿಯೂ ಅವಳೇ. "ಹುಬ್ಬೆರಡೂ ಕೂಡಿದ್ವು. ಅದು ಕೋಪಾನೇ."

"ನಿನ್ನ ಕುಂಚದಲ್ಲಿ ಕೋಪ ಕಣೇ. ಅವನ ಮುಖ ಬರೆದದ್ದು ನೀನಾ?"

ಸೊಸೆ ಅತ್ತೆಯ ಕೋಲು ತಂದುಕೊಟ್ಟಳು.

ಅತ್ತೆ ಕೋಲೂರಿಕೊಂಡು ಕೆಳಗಿಳಿದರು. ಬಾಗಿಲಲ್ಲಿ ನಿಂತು ಅಚ್ಚು ಒಡೆದ ಕೋಣೆ ನೋಡಿದರು. ಮೂಲೆಯಲ್ಲಿ ಮುಖವಾಡ ಒಣಗಿಸುವ ಜಾಗ, ಧೂಳು ತಾಗದಂತೆ ಅದಕ್ಕೊಂದು ಪರದೆ. ಪರದೆಯ ಹಿಂದೆಯೂ ಹೋಗಿ ನಿಂತು ಬಂದರು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳಿದ್ದು ಒಂದೇ ಮಾತು: ಹೊಸಬನ ಮುಖದಲ್ಲಿ ಏನು ಕಂಡಿತು?

"ನಗ್ತಿದ್ದ. ಸೊಕ್ಕಿನ ನಗೆ," ಎಂದಳು ಕೆತ್ತನೆಯವಳು.

ಮೆರುಗು ಹಚ್ಚುವ ಮೆರುಗಣ್ಣ ಮಾತ್ರ ಅಡ್ಡಡ್ಡ ತಲೆ ಆಡಿಸಿದ. "ಕೋಪಾನೂ ಅಲ್ಲ, ನಗೂನೂ ಅಲ್ಲಮ್ಮ. ಪಾಪ, ಬಾಗಿಲು ತೆಗೀತಿದ್ದ ಹಾಗೇ ಕಣ್ಣು ಅಗಲ ಮಾಡಿ ಬೆಚ್ಚಿಬಿದ್ದ. ಆಮೇಲೆ ತುಟಿ ಎಳ್ಕೊಂಡ. ಅಳು ತಡ್ಕೊಳ್ಳೋವಾಗ ಅವನು ಮಾಡೋದೇ ಹಾಗೆ."

"ನೀನು ಎಲ್ಲಿದ್ದೆ?"

"ಹಿತ್ತಲಲ್ಲಿ. ಎಲ್ಲರಿಗಿಂತ ಹಿಂದೆ ಬಂದೆ."

ಸಂಜೆ ಅತ್ತೆ ಎಲ್ಲರನ್ನೂ ಅದೇ ಕೋಣೆಗೆ ಕರೆಸಿದರು.

"ಒಂದೇ ಮುಖ, ಒಬ್ಬರಿಗೆ ಕೋಪ, ಇನ್ನೊಬ್ಬರಿಗೆ ಸೊಕ್ಕು. ನೀವ್ಯಾರೂ ಸುಳ್ಳು ಹೇಳಲಿಲ್ಲ. ನಮ್ಮ ಮುಖವಾಡದ ಲೆಕ್ಕದಲ್ಲಿ ಅವನನ್ನ ಅಳೆದ್ರಿ, ಅಷ್ಟೆ. ಸರಿಯಾಗಿ ಓದಿದವನು ಮೆರುಗಣ್ಣ ಒಬ್ಬನೇ. ದಿನಾ ಪಕ್ಕದಲ್ಲಿ ಕೂತು ಉಣ್ಣೋನಿಗೆ ಗೊತ್ತಾಗದೆ ಇರುತ್ತಾ? ಆದರೆ ಓಡಿ ಬಂದವರಿಗೆಲ್ಲ ಮೊದಲು ಕಂಡದ್ದು ಅವನ ಬೆನ್ನು. ಅವನು ಬಾಗಿಲು ತೆಗೀವಾಗಿನ ಮುಖ ಕಾಣಬೇಕಾದರೆ ಮೊದಲೇ ಒಳಗೆ ಇರಬೇಕು. ಇಲ್ಲಿ ಮರೆ ಅಂತ ಇರೋದು ಆ ಪರದೆ ಒಂದೇ. ಗಲಾಟೆಯಲ್ಲಿ ಅಲ್ಲಿಂದ ಹೊರಗೆ ಬಂದು ಎಲ್ಲರ ಹಿಂದೆ ನಿಂತ್ಕೊಳ್ಳೋದು ಕಷ್ಟವಾ?"

ಮೆರುಗಣ್ಣ ನೆಲ ನೋಡಿದ. "ಧೂಳು ಒರೆಸೋಣ ಅಂತ ಎತ್ತಿದೆ, ಕೈ ಜಾರ್ತು. ಹೆಜ್ಜೆ ಸದ್ದಿಗೆ ಹೆದರಿ ಅಡಗಿದೆ. ಬಂದೋನು ಇವನೇ. ಒಪ್ಕೊಳ್ಳೋಕೆ ಧೈರ್ಯ ಬರಲಿಲ್ಲ. ಇವನನ್ನ ಬೈಯೋದನ್ನ ಕೇಳ್ಕೊಂಡು ಸುಮ್ನಿರೋಕೂ ಆಗಲಿಲ್ಲ."

"ನಿನ್ನ ಕೆಲಸ ಎಲ್ಲೂ ಹೋಗಲ್ಲಪ್ಪ," ಎಂದು ಯಜಮಾನ ಹೊಸಬನಿಗೆ ತಗ್ಗಿದ ದನಿಯಲ್ಲಿ ಹೇಳಿದ.

ಹೊಸಬ ಮೆರುಗಣ್ಣನನ್ನೇ ನೋಡುತ್ತಿದ್ದ. ಆ ಮುಖದಲ್ಲಿ ಏನೋ ಹಾದುಹೋಯಿತು. ಸಿಟ್ಟು ಎಂದುಕೊಳ್ಳಹೊರಟ ಸೊಸೆ ತನ್ನನ್ನು ತಡೆದುಕೊಂಡು, ಅವನ ಬಳಿಗೇ ಹೋದಳು.

"ಈಗ ಏನನ್ನಿಸ್ತಿದೆ ನಿಮಗೆ?"

ಅಲ್ಲಿಗೆ ಬಂದಮೇಲೆ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ.

"ನಾಳೆ ಊಟಕ್ಕೆ ಇವನ ಪಕ್ಕ ಕೂರೋದಾ ಬೇಡವಾ ಅಂತ," ಎಂದ. "ಇನ್ನೂ ಗೊತ್ತಾಗ್ತಿಲ್ಲ."